ಎಡಿಟ್ ಮಾಡಿದರೂ ಫೋಟೋ ತೆಗೆದ ತಾರೀಕು ಉಳಿಯಬೇಕೇ? ಹಂತ ಹಂತವಾಗಿ ಹೀಗೆ ಮಾಡಿ

ಮದುವೆಯ ಫೋಟೋಗಳಿಗೆ ಸ್ವಲ್ಪ ಬೆಳಕು ಕೊಟ್ಟು, ಅಂಚು ಕತ್ತರಿಸಿ ಸೇವ್ ಮಾಡಿರುತ್ತೀರಿ. ಆಮೇಲೆ ಗ್ಯಾಲರಿ ತೆರೆದರೆ ಮುಹೂರ್ತದ ಫೋಟೋ ಆರತಕ್ಷತೆ ಆದಮೇಲೆ ಬಂದು ಕೂತಿರುತ್ತದೆ. ಅರ್ಧ ಫೋಟೋಗಳು ಇವತ್ತಿನ ತಾರೀಕಿನ ಕೆಳಗೆ, ಇನ್ನರ್ಧ ಹೋದ ವರ್ಷದ ಮೇ ತಿಂಗಳಲ್ಲಿ. ಈ ಗೋಳು ಹೇಳಿಕೊಳ್ಳುವವರು ಒಬ್ಬಿಬ್ಬರಲ್ಲ.

ಹೆಚ್ಚಿನವರು ಬೈಯುವುದು ಎಡಿಟಿಂಗ್ ಆ್ಯಪನ್ನು. ಆದರೆ ಬಣ್ಣ ತಿದ್ದುವಾಗಲೋ ಕ್ರಾಪ್ ಮಾಡುವಾಗಲೋ ತಾರೀಕು ಹೋಗುವುದಿಲ್ಲ. ಕೊನೆಯಲ್ಲಿ ಸೇವ್ ಒತ್ತುವಾಗ ಹೋಗುತ್ತದೆ. ಇಲ್ಲವೇ ಫೋಟೋ ಫೋನಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲೇ, ಎಡಿಟ್ ಶುರುವಾಗುವ ಮೊದಲೇ ಹೋಗಿರುತ್ತದೆ. ಹಾಗಾಗಿ ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ.

## ಶುರು ಮಾಡುವ ಮುಂಚೆ: ಯಾವ ತಾರೀಕು ಉಳಿಯಬೇಕು?

ಒಂದು ಫೋಟೋಗೆ ಎರಡು ಕಡೆ ತಾರೀಕು ಇರುತ್ತದೆ. ಫೈಲಿನ ಒಳಗೆ ಒಂದಷ್ಟು, ಹೊರಗೆ ಒಂದಷ್ಟು. ಈ ವ್ಯತ್ಯಾಸ ಗೊತ್ತಿಲ್ಲದೆ ಕೈಹಾಕಿದರೆ ಸರಿಯಿದ್ದದ್ದೂ ಕೆಡುತ್ತದೆ.

ಒಳಗಿನ ಮಾಹಿತಿಗೆ ಎಕ್ಸಿಫ್ ಎನ್ನುತ್ತಾರೆ. ಕ್ಲಿಕ್ ಮಾಡಿದಾಗ ಕ್ಯಾಮೆರಾ ತಾನೇ ಇದನ್ನು ಬರೆಯುತ್ತದೆ. ಇದರಲ್ಲಿ ಮೂರು ತಾರೀಕುಗಳಿವೆ. 'ಡೇಟ್‌ಟೈಮ್ ಒರಿಜಿನಲ್' ಎಂದರೆ ಫೋಟೋ ತೆಗೆದ ಹೊತ್ತು. 'ಡೇಟ್‌ಟೈಮ್ ಡಿಜಿಟೈಸ್ಡ್' ಎಂದರೆ ಅದು ಡಿಜಿಟಲ್ ರೂಪಕ್ಕೆ ಬಂದ ಹೊತ್ತು. ಡಿಜಿಟಲ್ ಕ್ಯಾಮೆರಾದ ಫೋಟೋದಲ್ಲಿ ಇವೆರಡೂ ಒಂದೇ ಆಗಿರುತ್ತವೆ. ಮೂರನೆಯದು ಬರೀ 'ಡೇಟ್‌ಟೈಮ್'. ಇದು ಕೊನೆಯ ಸಲ ತಿದ್ದಿದ ಹೊತ್ತು. ಎಡಿಟ್ ಮಾಡಿದಾಗ ಈ ಮೂರನೆಯದು ಬದಲಾಗಲೇಬೇಕು, ಅದಕ್ಕೆ ಗಾಬರಿ ಬೇಡ. ಉಳಿಯಬೇಕಾದ್ದು ಮೊದಲನೆಯದು. ವಿಂಡೋಸ್‌ನಲ್ಲಿ 'ಡೇಟ್ ಟೇಕನ್' ಎಂದು ಕಾಣುವುದು ಇದೇ.

ಹೊರಗಿನದು ಕಂಪ್ಯೂಟರ್ ಇಟ್ಟುಕೊಳ್ಳುವ ಲೆಕ್ಕ: 'ಡೇಟ್ ಕ್ರಿಯೇಟೆಡ್' ಮತ್ತು 'ಡೇಟ್ ಮಾಡಿಫೈಡ್'. ಹೆಸರು ನೋಡಿ ಮೋಸ ಹೋಗಬೇಡಿ. 'ಕ್ರಿಯೇಟೆಡ್' ಎಂದರೆ ಈ ಪ್ರತಿ ಈ ಡಿಸ್ಕಿಗೆ ಬಂದ ದಿನ, ಅಷ್ಟೇ. ವಿಂಡೋಸ್‌ನಲ್ಲಿ ಫೋಟೋ ಕಾಪಿ ಮಾಡಿದರೆ ಹೊಸ ಪ್ರತಿಯ 'ಕ್ರಿಯೇಟೆಡ್' ಇವತ್ತಿನದಾಗುತ್ತದೆ, 'ಮಾಡಿಫೈಡ್' ಹಳೆಯದೇ ಉಳಿಯುತ್ತದೆ. ಹುಟ್ಟುವ ಮುಂಚೆಯೇ ತಿದ್ದಿದ ಫೈಲಿನಂತೆ ಕಾಣುತ್ತದೆ! ಅದು ತಪ್ಪಲ್ಲ, ವಿಂಡೋಸ್‌ನ ರೀತಿಯೇ ಹಾಗೆ.

## ಏನೇನು ಬೇಕು

ನಿಮಗೆ ಒಗ್ಗಿರುವ ಎಡಿಟರ್ ಒಂದು, ಬ್ಯಾಕಪ್‌ಗೆ ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್ ಒಂದು. ಇದರ ಜೊತೆ ತಾರೀಕು ನೋಡುವ, ತಿದ್ದುವ ಸಾಧನ ಬೇಕು. ಇವು ಮೂರರಲ್ಲಿ ಯಾವುದಾದರೂ ಸಾಕು:

- ಡಿಜಿಕ್ಯಾಮ್: ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ.
- ಎಕ್ಸ್‌ಎನ್‌ವ್ಯೂ ಎಂಪಿ: ಮನೆಬಳಕೆಗೆ ಉಚಿತ, ಹಗುರ.
- ಎಕ್ಸಿಫ್‌ಟೂಲ್: ಫಿಲ್ ಹಾರ್ವೆ ಬರೆದ ಪುಟ್ಟ ಪ್ರೋಗ್ರಾಂ. ಕಿಟಕಿ, ಬಟನ್ ಯಾವುದೂ ಇಲ್ಲ, ಕಮಾಂಡ್ ಟೈಪ್ ಮಾಡಬೇಕು.

ಹತ್ತಿಪ್ಪತ್ತು ಫೋಟೋ ಇದ್ದರೆ ಡಿಜಿಕ್ಯಾಮ್ ಧಾರಾಳವಾಯಿತು. ಸಾವಿರಗಟ್ಟಲೆ ಇದ್ದರೆ ಮಾತ್ರ ಎಕ್ಸಿಫ್‌ಟೂಲ್ ಕಲಿಯುವ ಶ್ರಮ ಪಡಿ. ಫೋನಿನಲ್ಲಿ ಸಿಗುವ 'ಡೇಟ್ ಚೇಂಜರ್' ಥರದ ಆ್ಯಪ್‌ಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಅವು ಒಳಗಿನದನ್ನು ತಿದ್ದುತ್ತವೋ ಹೊರಗಿನದನ್ನೋ ಎಂದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ.

## ಹಂತ 1: ಮೂಲ ಫೋಟೋಗಳನ್ನು ಬೇರೆ ಎತ್ತಿಡಿ

ಮೊದಲು ನಿಜವಾದ ಮೂಲ ಫೈಲ್ ನಿಮ್ಮ ಕೈಯಲ್ಲಿದೆಯೇ ನೋಡಿ. ಫೋನಿನಿಂದ ಯುಎಸ್‌ಬಿ ಕೇಬಲ್ ಹಾಕಿ ತಂದದ್ದು, ಕ್ಯಾಮೆರಾದ ಮೆಮೊರಿ ಕಾರ್ಡಿನಿಂದ ತೆಗೆದದ್ದು ಮೂಲ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಬಂದದ್ದು ಮೂಲವಲ್ಲ. ಅದರ ಎಕ್ಸಿಫ್ ಆಗಲೇ ಕಿತ್ತುಹೋಗಿರುತ್ತದೆ, ಅದರ ಮೇಲೆ ಎಷ್ಟು ಜೋಪಾನವಾಗಿ ಎಡಿಟ್ ಮಾಡಿದರೂ ಇಲ್ಲದ ತಾರೀಕು ಬರುವುದಿಲ್ಲ.

ಐಫೋನ್ ಇದ್ದವರು ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ 'ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ' ಎಂಬಲ್ಲಿ 'ಕೀಪ್ ಒರಿಜಿನಲ್ಸ್' ಆರಿಸಿ. ಮ್ಯಾಕ್‌ನ ಫೋಟೋಸ್ ಆ್ಯಪ್‌ನಿಂದ ತೆಗೆಯುವವರು ಎಕ್ಸ್‌ಪೋರ್ಟ್ ಮೆನುವಿನಲ್ಲಿ 'ಅನ್‌ಮಾಡಿಫೈಡ್ ಒರಿಜಿನಲ್' ಎಂದಿರುವುದನ್ನು ಒತ್ತಿ. ಬರೀ ಎಳೆದು ಡೆಸ್ಕ್‌ಟಾಪ್ ಮೇಲೆ ಹಾಕಬೇಡಿ.

ಈಗ ಎರಡು ಫೋಲ್ಡರ್ ಮಾಡಿ. ಒಂದಕ್ಕೆ 'ಮೂಲ', ಇನ್ನೊಂದಕ್ಕೆ 'ಎಡಿಟ್' ಎಂದು ಹೆಸರಿಡಿ. ಎಲ್ಲವನ್ನೂ 'ಮೂಲ'ಕ್ಕೆ ಹಾಕಿ, ಅದರ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೂ ಹಾಕಿ. ಎಡಿಟ್ ಮಾಡಿದ್ದು 'ಎಡಿಟ್' ಫೋಲ್ಡರಿಗೆ ಹೋಗಲಿ, ಆದರೆ ಫೈಲ್ ಹೆಸರು ಮೂಲದ್ದೇ ಇರಲಿ. 'ಫೈನಲ್', 'ಫೈನಲ್2' ಎಂದೆಲ್ಲ ಬಾಲ ಅಂಟಿಸಬೇಡಿ. ಹೆಸರು ಒಂದೇ ಇದ್ದರೆ ಏಳನೇ ಹಂತದ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ಇಲ್ಲದಿದ್ದರೆ ಒಂದೊಂದನ್ನೇ ಜೋಡಿ ಹುಡುಕುತ್ತಾ ಕೂರಬೇಕು.

## ಹಂತ 2: ಎಡಿಟ್‌ಗೆ ಮುಂಚೆ ತಾರೀಕು ಇದೆಯೇ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಮೊದಲೇ ನೋಡದಿದ್ದರೆ ತಾರೀಕು ಎಲ್ಲಿ ಕಳೆಯಿತು ಎಂದು ಆಮೇಲೆ ಹೇಗೆ ಹೇಳುತ್ತೀರಿ?

ವಿಂಡೋಸ್‌ನಲ್ಲಿ ಫೋಟೋ ಮೇಲೆ ರೈಟ್ ಕ್ಲಿಕ್ ಮಾಡಿ, 'ಪ್ರಾಪರ್ಟೀಸ್', ಅದರಲ್ಲಿ 'ಡೀಟೇಲ್ಸ್' ತೆರೆಯಿರಿ. ಅಲ್ಲಿ 'ಡೇಟ್ ಟೇಕನ್' ಮುಂದೆ ಏನಿದೆ ನೋಡಿ. ತುಂಬ ಫೋಟೋ ಇದ್ದರೆ ಫೋಲ್ಡರನ್ನು 'ಡೀಟೇಲ್ಸ್' ನೋಟಕ್ಕೆ ತಂದು, ಮೇಲಿನ ಪಟ್ಟಿಯಲ್ಲಿ ರೈಟ್ ಕ್ಲಿಕ್ ಮಾಡಿ 'ಡೇಟ್ ಟೇಕನ್' ಕಾಲಂ ಸೇರಿಸಿ. ಆ ಕಾಲಂನಿಂದ ಸಾರ್ಟ್ ಮಾಡಿದರೆ ತಾರೀಕು ಇಲ್ಲದವು ಎಲ್ಲ ಒಟ್ಟಿಗೆ ಒಂದು ತುದಿಗೆ ಬರುತ್ತವೆ. ಮ್ಯಾಕ್‌ನಲ್ಲಿ 'ಪ್ರಿವ್ಯೂ' ತೆರೆದು 'ಟೂಲ್ಸ್' ಮೆನುವಿನ 'ಶೋ ಇನ್‌ಸ್ಪೆಕ್ಟರ್'ನಲ್ಲಿ ಎಕ್ಸಿಫ್ ಭಾಗ ನೋಡಿ.

ಫೋನಿನ ಗ್ಯಾಲರಿಯಲ್ಲಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಒಳಗೆ ತಾರೀಕು ಇಲ್ಲದಿದ್ದರೆ ಗ್ಯಾಲರಿಗಳು ಸುಮ್ನೆ ಫೈಲಿನ ತಾರೀಕನ್ನೇ ಎತ್ತಿ ತೋರಿಸಿಬಿಡುತ್ತವೆ. ನೋಡುವವರಿಗೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ.

ಫೈಲ್ ಹೆಸರಿನ ಕಡೆಗೂ ಕಣ್ಣಿರಲಿ. 'ಐಎಂಜಿ' ಎಂದು ಶುರುವಾಗಿ, ನಡುವೆ ಎಂಟು ಅಂಕಿಯ ತಾರೀಕಿದ್ದು, ಆಮೇಲೆ 'ಡಬ್ಲ್ಯೂಎ' ಎಂದಿದ್ದರೆ ಅದು ವಾಟ್ಸ್‌ಆ್ಯಪ್ ಫೋಟೋ. ಆ ಎಂಟು ಅಂಕಿ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ ದಿನವನ್ನು ಹೇಳುತ್ತದೆ, ತೆಗೆದ ದಿನವನ್ನಲ್ಲ. ಹತ್ತು ವರ್ಷದ ಹಿಂದಿನ ಫೋಟೋವನ್ನು ಚಿಕ್ಕಪ್ಪ ನಿನ್ನೆ ಕಳಿಸಿದ್ದರೆ ನಿನ್ನೆಯ ತಾರೀಕೇ ಇರುತ್ತದೆ. ಇಂಥದು ಸಿಕ್ಕರೆ ಎಡಿಟ್ ಶುರು ಮಾಡಬೇಡಿ. ಕಳಿಸಿದವರ ಬಳಿ ಮೂಲ ಇದ್ದರೆ 'ಡಾಕ್ಯುಮೆಂಟ್' ಆಗಿ ಮತ್ತೊಮ್ಮೆ ಕಳಿಸಲು ಕೇಳಿ.

## ಹಂತ 3: ಗಡಿಯಾರ ತಪ್ಪಿದ್ದರೆ ಈಗಲೇ ಸರಿಮಾಡಿ

ತಾರೀಕು ಇದೆ, ಆದರೆ ತಪ್ಪಿದೆ. ಇದೂ ಮಾಮೂಲು. ಬ್ಯಾಟರಿ ಪೂರ್ತಿ ಸತ್ತು ಕ್ಯಾಮೆರಾದ ಗಡಿಯಾರ ಮೊದಲಿಗೆ ಹೋಗಿರುತ್ತದೆ. ಅಥವಾ ದುಬೈಗೆ ಹೋದವರು ಕ್ಯಾಮೆರಾದ ಸಮಯ ಬದಲಿಸಿರುವುದಿಲ್ಲ, ಅಲ್ಲಿನ ಫೋಟೋಗಳೆಲ್ಲ ಒಂದೂವರೆ ಗಂಟೆ ಮುಂದೆ ತೋರಿಸುತ್ತವೆ. ಎಕ್ಸಿಫ್‌ನ ಮುಖ್ಯ ತಾರೀಕಿನಲ್ಲಿ ಅದು ಯಾವ ದೇಶದ ಸಮಯ ಎಂಬುದಕ್ಕೆ ಜಾಗವೇ ಇಲ್ಲ. ಅದಕ್ಕೆ ಬೇರೆ ಕಲಂ ಬಂದದ್ದು 2016ರ ಆವೃತ್ತಿಯಲ್ಲಿ, ಹಳೆಯ ಕ್ಯಾಮೆರಾಗಳು ಅದನ್ನು ಬರೆಯುವುದಿಲ್ಲ.

ಇದನ್ನು ಎಡಿಟ್‌ಗೆ ಮುಂಚೆಯೇ ಸರಿಮಾಡಬೇಕು. ಆಗ ಮುಂದೆ ಹುಟ್ಟುವ ಪ್ರತಿಗಳೆಲ್ಲ ಸರಿಯಾದ ತಾರೀಕನ್ನೇ ಪಡೆಯುತ್ತವೆ. ಎಡಿಟ್ ಆದಮೇಲೆ ಮಾಡಲು ಹೋದರೆ ಮೂಲ, ಎಡಿಟ್, ಚಿಕ್ಕದು ಮಾಡಿದ್ದು ಎಂದು ಮೂರು ಕಡೆ ಅದೇ ಕೆಲಸ. ಮುಟ್ಟದ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ ಇರುವುದರಿಂದ 'ಮೂಲ' ಫೋಲ್ಡರಿನಲ್ಲಿ ಧೈರ್ಯವಾಗಿ ತಿದ್ದಬಹುದು.

ಇಲ್ಲಿ ದೊಡ್ಡ ತಪ್ಪೊಂದು ಕಾದಿರುತ್ತದೆ. ಎಲ್ಲ ಫೋಟೋ ಸೆಲೆಕ್ಟ್ ಮಾಡಿ ಒಂದೇ ತಾರೀಕು ಟೈಪ್ ಮಾಡಬೇಡಿ. ಮಾಡಿದರೆ ನಾನೂರು ಫೋಟೋಗಳೂ ಒಂದೇ ಸೆಕೆಂಡಿನಲ್ಲಿ ತೆಗೆದವು ಎಂದಾಗುತ್ತದೆ, ಹಿಂದುಮುಂದಿನ ಕ್ರಮ ಪೂರ್ತಿ ಹಾಳು. ಮಾಡಬೇಕಾದ್ದು ಸರಿಸುವ ಕೆಲಸ: ಎಷ್ಟು ವ್ಯತ್ಯಾಸವಿದೆಯೋ ಅಷ್ಟನ್ನು ಎಲ್ಲಕ್ಕೂ ಕೂಡಿಸುವುದು ಅಥವಾ ಕಳೆಯುವುದು. ಡಿಜಿಕ್ಯಾಮ್‌ನಲ್ಲಿ ಇದಕ್ಕೆ 'ಅಡ್ಜಸ್ಟ್ ಟೈಮ್ ಅಂಡ್ ಡೇಟ್' ಎಂಬ ಸಾಧನವಿದೆ. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ 'ಎಡಿಟ್ ಕ್ಯಾಪ್ಚರ್ ಟೈಮ್' ಇದೆ.

ವ್ಯತ್ಯಾಸ ಎಷ್ಟು ಎಂದು ತಿಳಿಯುವುದು ಹೇಗೆ? ಅದೇ ಸಮಾರಂಭದಲ್ಲಿ ಫೋನಿನಲ್ಲೂ ಯಾರಾದರೂ ಫೋಟೋ ತೆಗೆದಿರುತ್ತಾರೆ. ಫೋನಿನ ಸಮಯ ನೆಟ್‌ವರ್ಕ್‌ನಿಂದ ಬರುವುದರಿಂದ ಅದನ್ನು ನಂಬಬಹುದು. ಎರಡರಲ್ಲೂ ಇರುವ ಒಂದೇ ಗಳಿಗೆಯನ್ನು ಹುಡುಕಿ. ಮದುವೆಯಲ್ಲಾದರೆ ತಾಳಿ ಕಟ್ಟುವ ಹೊತ್ತು, ಅದನ್ನು ಯಾರೂ ಬಿಟ್ಟಿರುವುದಿಲ್ಲ. ಎರಡರ ಸಮಯವನ್ನು ಕಳೆದರೆ ವ್ಯತ್ಯಾಸ ಸಿಕ್ಕಿತು. ಇನ್ನು ಮುಂದೆ ಪ್ರವಾಸಕ್ಕೋ ಸಮಾರಂಭಕ್ಕೋ ಹೋದಾಗ ಮೊದಲು ಫೋನಿನ ಗಡಿಯಾರದ್ದೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಆ ಫೋಟೋ ತೋರಿಸಿ, ಅದರಲ್ಲಿ ಕಾಣುವ ಸಮಯ ಹೇಳಿದರೆ ಡಿಜಿಕ್ಯಾಮ್ ತಾನೇ ಲೆಕ್ಕ ಹಾಕಿಕೊಡುತ್ತದೆ.

## ಹಂತ 4: ಒಂದೇ ಒಂದು ಫೋಟೋದಲ್ಲಿ ಪರೀಕ್ಷೆ ಮಾಡಿ

ಹಳೆಯ ತಾರೀಕಿನ ಒಂದು ಫೋಟೋ ಆರಿಸಿ. ಇವತ್ತು ತೆಗೆದದ್ದು ಬೇಡ, ಏಕೆಂದರೆ ತಾರೀಕು ಬದಲಾದರೂ ಗೊತ್ತಾಗುವುದಿಲ್ಲ. ನೀವು ಮಾಮೂಲಾಗಿ ಮಾಡುವ ಹಾಗೇ ಎಡಿಟ್ ಮಾಡಿ, ಸೇವ್ ಮಾಡಿ, ಎರಡನೇ ಹಂತದಲ್ಲಿ ಹೇಳಿದಂತೆ ನೋಡಿ. 'ಡೇಟ್ ಟೇಕನ್' ಉಳಿದಿದೆಯೇ? ಹಾಗಾದರೆ ಮುಂದಿನ ಹಂತದ ಅರ್ಧ ಓದುವುದು ನಿಮಗೆ ಬೇಕಿಲ್ಲ.

ಫೋನಿನ ಆ್ಯಪ್ ಬಳಸುವವರಿಗಂತೂ ಈ ಪರೀಕ್ಷೆ ಬಿಟ್ಟು ಬೇರೆ ದಾರಿಯಿಲ್ಲ. ಒಂದೇ ಆ್ಯಪ್‌ನಲ್ಲಿ 'ಸೇವ್' ಒಂದು ಥರ, 'ಎಕ್ಸ್‌ಪೋರ್ಟ್' ಇನ್ನೊಂದು ಥರ, 'ಶೇರ್' ಮತ್ತೊಂದು ಥರ ನಡೆದುಕೊಳ್ಳಬಹುದು. ಮೂರನ್ನೂ ಬೇರೆ ಬೇರೆ ನೋಡಿ. ಆ್ಯಪ್ ಅಪ್‌ಡೇಟ್ ಆದಮೇಲೆ ಇನ್ನೊಮ್ಮೆ ನೋಡಿ.

## ಹಂತ 5: ಸೇವ್ ಮಾಡುವಾಗ ಎಲ್ಲಿ ಟಿಕ್ ಹಾಕಬೇಕು

ನಿಮ್ಮ ಎಡಿಟರ್ ಯಾವುದೋ ಅದರ ಭಾಗವನ್ನಷ್ಟೇ ಓದಿಕೊಳ್ಳಿ.

ಜಿಂಪ್. 'ಎಕ್ಸ್‌ಪೋರ್ಟ್ ಆ್ಯಸ್' ಕೊಟ್ಟು ಜೆಪೆಗ್ ಆರಿಸಿದಾಗ ಇನ್ನೊಂದು ಕಿಟಕಿ ಬರುತ್ತದೆ. ಅದರಲ್ಲಿ 'ಸೇವ್ ಎಕ್ಸಿಫ್ ಡೇಟಾ' ಎಂಬುದಕ್ಕೆ ಟಿಕ್ ಇರಬೇಕು. ಪ್ರತಿಸಲ ಹಾಕುವ ಬದಲು 'ಪ್ರಿಫರೆನ್ಸಸ್'ನ 'ಇಮೇಜ್ ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್' ಭಾಗದಲ್ಲಿ ಒಂದೇ ಸಲ ಆನ್ ಮಾಡಿಡಬಹುದು.

ಫೋಟೋಶಾಪ್. ಜನ ಜಾಸ್ತಿ ಎಡವುವುದು ಇಲ್ಲಿ. 'ಎಕ್ಸ್‌ಪೋರ್ಟ್ ಆ್ಯಸ್' ನೋಡಲು ಚೆನ್ನಾಗಿದೆ, ಆದರೆ ಅದರ ಮೆಟಾಡೇಟಾ (ಎಕ್ಸಿಫ್‌ನಂಥ ಒಳಗಿನ ಮಾಹಿತಿ) ಭಾಗದಲ್ಲಿ ಇರುವುದು ಎರಡೇ ಆಯ್ಕೆ: ಏನೂ ಬೇಡ, ಅಥವಾ ಕಾಪಿರೈಟ್ ಮತ್ತು ಸಂಪರ್ಕ ಮಾಹಿತಿ ಮಾತ್ರ. ಎರಡರಲ್ಲೂ ಫೋಟೋ ತೆಗೆದ ತಾರೀಕು ಉಳಿಯುವುದಿಲ್ಲ. ಆದ್ದರಿಂದ 'ಸೇವ್ ಆ್ಯಸ್' ಅಥವಾ 'ಸೇವ್ ಎ ಕಾಪಿ' ಬಳಸಿ. ಫೈಲ್ ಚಿಕ್ಕದಾಗಲೇಬೇಕು ಎಂದಿದ್ದರೆ ಹಳೆಯ 'ಸೇವ್ ಫಾರ್ ವೆಬ್' ಇನ್ನೂ ಇದೆ, ಅದರಲ್ಲಿ ಮೆಟಾಡೇಟಾ ಎಂಬಲ್ಲಿ 'ಆಲ್' ಆರಿಸಿ.

ಲೈಟ್‌ರೂಮ್ ಕ್ಲಾಸಿಕ್. ಎಕ್ಸ್‌ಪೋರ್ಟ್ ಕಿಟಕಿಯ ಕೆಳಗೆ ಮೆಟಾಡೇಟಾ ಭಾಗವಿದೆ. 'ಕಾಪಿರೈಟ್ ಓನ್ಲಿ' ಎಂದಿದ್ದರೆ ತಾರೀಕು ಹೋಯಿತು. 'ಆಲ್ ಮೆಟಾಡೇಟಾ' ಮಾಡಿ. ಮನೆಯ ಲೊಕೇಶನ್ ಹೊರಗೆ ಹೋಗುವುದು ಬೇಡ ಎಂಬ ಕಾರಣಕ್ಕೆ ಎಲ್ಲವನ್ನೂ ತೆಗೆಯುವವರಿದ್ದಾರೆ. ಅಷ್ಟು ಬೇಕಿಲ್ಲ, 'ರಿಮೂವ್ ಲೊಕೇಶನ್ ಇನ್ಫೋ' ಎಂದು ಬೇರೆಯೇ ಟಿಕ್ ಇದೆ.

ಇರ್ಫಾನ್‌ವ್ಯೂ. ಜೆಪೆಗ್ ಸೇವ್ ಮಾಡುವಾಗ ಪಕ್ಕದಲ್ಲೇ ತೆರೆಯುವ ಪುಟ್ಟ ಕಿಟಕಿಯಲ್ಲಿ 'ಕೀಪ್ ಒರಿಜಿನಲ್ ಎಕ್ಸಿಫ್ ಡೇಟಾ' ಟಿಕ್ ಇರಲಿ.

ಎಡಿಟರ್ ಯಾವುದೇ ಇರಲಿ, ಕೆಲವು ಅಭ್ಯಾಸಗಳು ತಾರೀಕನ್ನು ಕಳೆಯುತ್ತವೆ. ಫೋಟೋವನ್ನು ಕಾಪಿ ಮಾಡಿ ಹೊಸ ಖಾಲಿ ಪುಟದಲ್ಲಿ ಪೇಸ್ಟ್ ಮಾಡಿದರೆ ಬಣ್ಣ ಬರುತ್ತದೆ, ತಾರೀಕು ಬರುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಕ್ರಾಪ್ ಮಾಡಿದರೂ ಇದೇ ಕತೆ, ಅದು ಬೇರೆಯದೇ ಚಿತ್ರ. ನಾಲ್ಕು ಫೋಟೋ ಸೇರಿಸಿ ಕೊಲಾಜ್ ಮಾಡಿದರೆ ಅದಕ್ಕೆ ಯಾರ ತಾರೀಕು ಎಂದು ಎಡಿಟರಿಗಾದರೂ ಹೇಗೆ ಗೊತ್ತಾಗಬೇಕು? ಅಂಥದಕ್ಕೆ ಏಳನೇ ಹಂತದಲ್ಲಿ ನೀವೇ ತಾರೀಕು ಕೊಡಿ, ಮೊದಲ ಫೋಟೋದ್ದು ಕೊಟ್ಟರೆ ಸಾಕು.

ಅರ್ಜಿಗೆ 50 ಕೆಬಿ ಒಳಗೆ ಬೇಕು ಎಂದು ಯಾವುದೋ ವೆಬ್‌ಸೈಟಿನಲ್ಲಿ ಫೋಟೋ ಕುಗ್ಗಿಸುತ್ತೇವಲ್ಲ, ಅಲ್ಲೂ ಎಕ್ಸಿಫ್ ಹೋಗುವುದೇ ಹೆಚ್ಚು. ಅರ್ಜಿಗೇನೋ ಸರಿ, ಆದರೆ ಆ ಫೈಲನ್ನು ಆಲ್ಬಂಗೆ ಸೇರಿಸಬೇಡಿ.

ಫಾರ್ಮ್ಯಾಟ್ ಬದಲಿಸುವಾಗಲೂ ಹುಷಾರು. ಜೆಪೆಗ್ ಫೋಟೋ ಜೆಪೆಗ್ ಆಗಿಯೇ ಇರಲಿ. ಪಿಎನ್‌ಜಿಯಲ್ಲಿ ಎಕ್ಸಿಫ್‌ಗೆ ಅಧಿಕೃತ ಜಾಗ ಸಿಕ್ಕಿದ್ದೇ 2017ರಲ್ಲಿ. ಅಲ್ಲಿ ಬರೆದರೂ ಓದದ ಪ್ರೋಗ್ರಾಂಗಳು ಈಗಲೂ ಇವೆ.

## ಹಂತ 6: ತಾಳೆ ನೋಡಿ, ಲಕ್ಷಣ ಗುರುತಿಸಿ

ಎಲ್ಲ ಎಡಿಟ್ ಮುಗಿದ ಮೇಲೆ 'ಎಡಿಟ್' ಫೋಲ್ಡರನ್ನು 'ಡೇಟ್ ಟೇಕನ್'ನಿಂದ ಸಾರ್ಟ್ ಮಾಡಿ, 'ಮೂಲ'ದ ಪಕ್ಕ ಇಟ್ಟು ನೋಡಿ. ಏನು ಕೆಟ್ಟಿದೆ ಎಂಬುದು ಲಕ್ಷಣದಲ್ಲೇ ಗೊತ್ತಾಗುತ್ತದೆ.

ತಾರೀಕಿನ ಜೊತೆ ಕ್ಯಾಮೆರಾ ಮಾಡೆಲ್ ಹೆಸರೂ ಖಾಲಿ ಇದ್ದರೆ ಇಡೀ ಎಕ್ಸಿಫ್ ಕಿತ್ತುಹೋಗಿದೆ. ಐದನೇ ಹಂತದ ಟಿಕ್ ತಪ್ಪಿದೆ ಅಥವಾ ಮೂಲವೇ ವಾಟ್ಸ್‌ಆ್ಯಪ್‌ನದು. ಮಾಡೆಲ್ ಇದೆ, ತಾರೀಕು ಮಾತ್ರ ಇವತ್ತಿನದು ಎಂದರೆ ಯಾವುದೋ ಪ್ರೋಗ್ರಾಂ ಅದರ ಮೇಲೆ ಹೊಸದನ್ನು ಬರೆದಿದೆ.

1970ರ ಜನವರಿ 1, ಬೆಳಗ್ಗೆ 5:30 ಎಂದು ಕಂಡರೆ ತಾರೀಕಿನ ಜಾಗದಲ್ಲಿ ಸೊನ್ನೆ ಇದೆ ಎಂದರ್ಥ. ಬಹಳಷ್ಟು ಕಂಪ್ಯೂಟರ್‌ಗಳು ಕಾಲವನ್ನು 1970ರ ಜನವರಿ 1ರಿಂದ, ಗ್ರೀನಿಚ್‌ನ ಮಧ್ಯರಾತ್ರಿಯಿಂದ ಎಣಿಸುತ್ತವೆ. ಅದಕ್ಕೆ ಭಾರತದ ಐದೂವರೆ ಗಂಟೆ ಸೇರಿದಾಗ ಈ ವಿಚಿತ್ರ ಸಮಯ ಬರುತ್ತದೆ. 1980ರ ಜನವರಿ 1 ಎಂದಿದ್ದರೆ ಕ್ಯಾಮೆರಾದ ಗಡಿಯಾರ ಸೆಟ್ ಆಗಿರಲಿಲ್ಲ ಎಂದು ಅನುಮಾನಿಸಿ. ಮೆಮೊರಿ ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್ ಪದ್ಧತಿಯ ತಾರೀಕಿನ ಎಣಿಕೆ ಶುರುವಾಗುವುದೇ ಆ ದಿನದಿಂದ.

ಸರಿಯಾಗಿ ಐದೂವರೆ ಗಂಟೆ ಹಿಂದೆ ಅಥವಾ ಮುಂದೆ ಇದೆಯೇ? ಸ್ಥಳೀಯ ಸಮಯ ಮತ್ತು ಗ್ರೀನಿಚ್ ಸಮಯ ಎಲ್ಲೋ ಅದಲುಬದಲಾಗಿವೆ. ವಿಡಿಯೋಗಳಲ್ಲಿ ಇದು ಪದೇ ಪದೇ ಆಗುತ್ತದೆ. ಎಂಪಿ4 ನಿಯಮದ ಪ್ರಕಾರ ಗ್ರೀನಿಚ್ ಸಮಯ ಬರೆಯಬೇಕು, ಕೆಲವು ಕ್ಯಾಮೆರಾಗಳು ಸ್ಥಳೀಯ ಸಮಯವನ್ನೇ ಬರೆದುಬಿಡುತ್ತವೆ. ಮಧ್ಯಾಹ್ನದ ಊಟದ ಫೋಟೋ ಮತ್ತು ಅದೇ ಊಟದ ವಿಡಿಯೋ ದೂರ ದೂರ ಕೂತಿದ್ದರೆ ಕಾರಣ ಇದೇ ಇರಬಹುದು. ಮೂರನೇ ಹಂತದಂತೆ ಸರಿಸಿದರೆ ಆಯಿತು.

ಇನ್ನೊಂದು ಲಕ್ಷಣಕ್ಕೆ ಔಷಧಿಯೇ ಬೇಡ. 'ಡೇಟ್ ಟೇಕನ್' ಎಲ್ಲದರಲ್ಲೂ ಸರಿ ಇದೆ, ಕ್ರಮ ಮಾತ್ರ ತಪ್ಪಾಗಿದೆ ಎಂದರೆ ನೀವು ನೋಡುತ್ತಿರುವ ಫೋಲ್ಡರ್ 'ಮಾಡಿಫೈಡ್' ತಾರೀಕಿನಿಂದ ಸಾರ್ಟ್ ಆಗಿದೆ. ಸಾರ್ಟ್ ಬದಲಿಸಿ. ಫೋಟೋ ಮುಟ್ಟಬೇಡಿ!

## ಹಂತ 7: ಕಳೆದುಹೋದ ತಾರೀಕನ್ನು ಮರಳಿ ತನ್ನಿ

ಮೂಲ ಫೈಲ್ ಇದ್ದರೆ ಎಡಿಟ್ ಮತ್ತೆ ಮಾಡಬೇಕಿಲ್ಲ. ಮೂಲದಿಂದ ತಾರೀಕನ್ನಷ್ಟೇ ಎಡಿಟ್ ಮಾಡಿದ ಫೈಲಿಗೆ ನಕಲು ಮಾಡಬಹುದು.

ನಾಲ್ಕೈದು ಫೋಟೋ ಇದ್ದರೆ ಡಿಜಿಕ್ಯಾಮ್‌ನ ಅದೇ 'ಅಡ್ಜಸ್ಟ್ ಟೈಮ್ ಅಂಡ್ ಡೇಟ್'ನಲ್ಲಿ ಕೈಯಿಂದಲೇ ತಾರೀಕು ಹಾಕಿ. ಯಾವ ಯಾವ ಕಲಂಗಳಿಗೆ ಬರೆಯಬೇಕು ಎಂದು ಕೇಳುತ್ತದೆ, ಎಕ್ಸಿಫ್ 'ಒರಿಜಿನಲ್' ಮತ್ತು 'ಡಿಜಿಟೈಸ್ಡ್' ಎರಡಕ್ಕೂ ಟಿಕ್ ಹಾಕಿ.

ನೂರಾರು ಇದ್ದರೆ ಎಕ್ಸಿಫ್‌ಟೂಲ್. ವಿಂಡೋಸ್‌ನಲ್ಲಿ ಇದು ಜಿಪ್ ಆಗಿ ಬರುತ್ತದೆ. ಬಿಚ್ಚಿದಾಗ ಸಿಗುವ ಪ್ರೋಗ್ರಾಂ ಮತ್ತು ಅದರ ಜೊತೆಗಿನ ಫೋಲ್ಡರ್ ಎರಡೂ ಒಂದೇ ಜಾಗದಲ್ಲಿ ಇರಬೇಕು. ಹೆಸರು ಬದಲಿಸದೆ ಹಾಗೇ ಬಿಟ್ಟು, ಒಂದು ಫೋಟೋವನ್ನು ಎಳೆದು ಅದರ ಮೇಲೆ ಬಿಟ್ಟರೆ ಒಳಗಿನ ಮಾಹಿತಿಯನ್ನೆಲ್ಲ ಪಟ್ಟಿ ಮಾಡಿ ತೋರಿಸುತ್ತದೆ. ನಕಲು ಮಾಡಲು 'ಟ್ಯಾಗ್ಸ್‌ಫ್ರಮ್‌ಫೈಲ್' ಎಂಬ ಆಯ್ಕೆ ಬಳಸಬೇಕು. ಫೈಲ್ ಹೆಸರುಗಳು ಒಂದೇ ಇದ್ದರೆ ಇಡೀ ಫೋಲ್ಡರಿಗೆ ಒಂದೇ ಕಮಾಂಡ್ ಸಾಕು. ಅದರ ಮಾದರಿ ಎಕ್ಸಿಫ್‌ಟೂಲ್‌ನ ಕೈಪಿಡಿಯಲ್ಲೇ ಇದೆ, ಅಲ್ಲಿಂದ ಅಕ್ಷರ ತಪ್ಪದೆ ನಕಲಿಸಿಕೊಳ್ಳಿ.

ಇಲ್ಲೊಂದು ಹಳ್ಳವಿದೆ. ಎಲ್ಲ ಮಾಹಿತಿಯನ್ನೂ ನಕಲು ಮಾಡಬೇಡಿ, ತಾರೀಕುಗಳನ್ನು ಮಾತ್ರ ಮಾಡಿ. ಎಕ್ಸಿಫ್‌ನಲ್ಲಿ 'ಓರಿಯೆಂಟೇಶನ್' ಎಂಬ ಇನ್ನೊಂದು ಕಲಂ ಇದೆ. ಫೋಟೋವನ್ನು ಎಷ್ಟು ತಿರುಗಿಸಿ ತೋರಿಸಬೇಕು ಎಂದು ಅದು ಹೇಳುತ್ತದೆ. ಎಡಿಟರ್ ಆಗಲೇ ಫೋಟೋವನ್ನು ನೆಟ್ಟಗೆ ಮಾಡಿರುತ್ತದೆ. ಹಳೆಯ ಓರಿಯೆಂಟೇಶನ್ ಕೂಡ ಬಂದು ಸೇರಿದರೆ ಮತ್ತೊಮ್ಮೆ ತಿರುಗಿ ಅಡ್ಡ ಬೀಳುತ್ತದೆ. ಎಡಿಟ್‌ಗೆ ಮುಂಚಿನ ಥಂಬ್‌ನೇಲ್ (ಫೋಟೋದ ಪುಟ್ಟ ನಕಲು ಚಿತ್ರ) ಕೂಡ ಬಂದು ಕೂರಬಹುದು. 'ಆಲ್‌ಡೇಟ್ಸ್' ಎಂಬ ಒಂದು ಪದ ಕೊಟ್ಟರೆ ಎಕ್ಸಿಫ್‌ನ ಮೂರು ತಾರೀಕು ಮಾತ್ರ ಬರುತ್ತವೆ, ನಿಮಗೆ ಬೇಕಾದ್ದು ಅಷ್ಟೇ.

ಎಕ್ಸಿಫ್‌ಟೂಲ್ ತಿದ್ದುವ ಮುಂಚಿನ ಪ್ರತಿಯೊಂದು ಫೈಲನ್ನೂ ಹೆಸರಿನ ಕೊನೆಗೆ 'ಒರಿಜಿನಲ್' ಎಂದು ಸೇರಿಸಿ ಅಲ್ಲೇ ಉಳಿಸುತ್ತದೆ. ಫೋಲ್ಡರ್ ದುಪ್ಪಟ್ಟಾಯಿತಲ್ಲ ಎಂದು ಅಳಿಸಲು ಹೋಗಬೇಡಿ. ಆರನೇ ಹಂತವನ್ನು ಇನ್ನೊಮ್ಮೆ ಮಾಡಿ, ಆಮೇಲೆ ಅಳಿಸಿ.

ಮೂಲವೇ ಇಲ್ಲದಿದ್ದರೆ? ಆ ಫೋಟೋ ಹಿಂದೆ ಗೂಗಲ್ ಫೋಟೋಸ್‌ಗೆ ಹೋಗಿದ್ದರೆ ಆಸೆ ಇದೆ. ಗೂಗಲ್‌ನಲ್ಲಿರುವ ನಿಮ್ಮ ಡೇಟಾ ಇಳಿಸಿಕೊಳ್ಳುವ ಗೂಗಲ್ ಟೇಕ್‌ಔಟ್ ಮೂಲಕ ತಂದಾಗ ಫೋಟೋಗಳ ಜೊತೆ ಜೇಸನ್ (ಮಾಹಿತಿಯನ್ನು ಅಕ್ಷರಗಳಲ್ಲಿ ಬರೆದಿಟ್ಟ) ಫೈಲುಗಳೂ ಬರುತ್ತವೆ. ಕಸ ಎಂದು ಅದನ್ನು ಎಸೆಯುವವರೇ ಜಾಸ್ತಿ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ 'ಫೋಟೋ ಟೇಕನ್ ಟೈಮ್' ಸಿಗುತ್ತದೆ. ಅದು ಗ್ರೀನಿಚ್ ಸಮಯ, ಇಲ್ಲಿ ತೆಗೆದ ಫೋಟೋ ಆದರೆ ಐದೂವರೆ ಗಂಟೆ ಕೂಡಿಸಿಕೊಳ್ಳಿ. ಗೂಗಲ್ ಫೋಟೋಸ್ ಒಳಗೆ ನೀವು ತಾರೀಕು ತಿದ್ದಿದ್ದರೂ ಅದು ಈ ಜೇಸನ್‌ನಲ್ಲೇ ಇರುತ್ತದೆ, ಫೋಟೋ ಫೈಲಿನ ಒಳಗೆ ಹೋಗಿರುವುದಿಲ್ಲ. ತಿದ್ದಿದ್ದು ಹೋಯಿತಲ್ಲ ಎಂದು ಗೊಂದಲವಾಗುವುದು ಇದಕ್ಕೇ.

## ಹಂತ 8: ಫೈಲಿನ ತಾರೀಕು ಮತ್ತು ಹೆಸರು, ಎಲ್ಲಕ್ಕಿಂತ ಕೊನೆಗೆ

'ಮಾಡಿಫೈಡ್' ತಾರೀಕನ್ನೂ ಹಳೆಯದಕ್ಕೆ ತರಬೇಕೇ? ನನ್ನನ್ನು ಕೇಳಿದರೆ ಬೇಡ. ಕೆಲವು ಬ್ಯಾಕಪ್ ಪ್ರೋಗ್ರಾಂಗಳು 'ಮಾಡಿಫೈಡ್' ಮತ್ತು ಫೈಲಿನ ಗಾತ್ರ ನೋಡಿಯೇ ಯಾವುದು ಬದಲಾಗಿದೆ ಎಂದು ತೀರ್ಮಾನಿಸುತ್ತವೆ. ಎರಡೂ ಹಳೆಯದೇ ಇದ್ದರೆ ನಿಮ್ಮ ತಿದ್ದುಪಡಿ ಬ್ಯಾಕಪ್‌ಗೆ ಹೋಗದೇ ಇರಬಹುದು.

ಆದರೆ ಕೆಲವು ಟಿವಿಗಳು, ಡಿಜಿಟಲ್ ಫೋಟೋ ಫ್ರೇಮ್‌ಗಳು ಎಕ್ಸಿಫ್ ಓದುವುದೇ ಇಲ್ಲ. ಅಂಥದಕ್ಕೆ ಬೇರೆ ಪ್ರತಿ ಮಾಡಿಕೊಂಡು, ಎಕ್ಸ್‌ಎನ್‌ವ್ಯೂ ಎಂಪಿಯ 'ಚೇಂಜ್ ಟೈಮ್‌ಸ್ಟ್ಯಾಂಪ್' ಬಳಸಿ ಎಕ್ಸಿಫ್ ತಾರೀಕನ್ನೇ ಫೈಲಿನ ತಾರೀಕಾಗಿ ಮಾಡಿ. ಇದು ಕೊನೆಯ ಕೆಲಸವೇ ಆಗಬೇಕು. ಇದಾದ ಮೇಲೆ ಒಂದು ಶೀರ್ಷಿಕೆ ಬರೆದರೂ 'ಮಾಡಿಫೈಡ್' ಮತ್ತೆ ಇವತ್ತಿಗೆ ಬರುತ್ತದೆ.

ಇದಕ್ಕಿಂತ ಗಟ್ಟಿ ಉಪಾಯ ಎಂದರೆ ಹೆಸರಿನಲ್ಲೇ ತಾರೀಕು ಇಡುವುದು. ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಸಮಯ: 2024-05-12_101530 ಎಂಬಂತೆ. ನಮ್ಮ ರೂಢಿಯಂತೆ ದಿನ ಮೊದಲು ಬರೆದರೆ ಹೆಸರಿನ ಕ್ರಮಕ್ಕೂ ಕಾಲದ ಕ್ರಮಕ್ಕೂ ತಾಳೆಯಾಗುವುದಿಲ್ಲ. ಸಮಯದ ನಡುವೆ ಕೋಲನ್ ಚಿಹ್ನೆ ಹಾಕಬೇಡಿ, ವಿಂಡೋಸ್ ಒಪ್ಪುವುದಿಲ್ಲ. ಎಕ್ಸ್‌ಎನ್‌ವ್ಯೂ, ಡಿಜಿಕ್ಯಾಮ್ ಎರಡರಲ್ಲೂ ಎಕ್ಸಿಫ್ ನೋಡಿ ಒಟ್ಟಿಗೆ ಹೆಸರು ಬದಲಿಸುವ ಸೌಲಭ್ಯವಿದೆ. ಮುಂದೆ ಎಂದಾದರೂ ಎಕ್ಸಿಫ್ ಹೋದರೂ ಈ ಹೆಸರಿನಿಂದಲೇ ತಾರೀಕನ್ನು ಮರಳಿ ಬರೆಯಬಹುದು. ಏಳನೇ ಹಂತ ಮುಗಿಯುವವರೆಗೆ ಮಾತ್ರ ಹೆಸರು ಮುಟ್ಟಬೇಡಿ, ಜೋಡಿ ತಪ್ಪುತ್ತದೆ.

## ಹಂತ 9: ಬೇರೆಯವರಿಗೆ ಕಳಿಸುವಾಗ

ವಾಟ್ಸ್‌ಆ್ಯಪ್‌ನಲ್ಲಾದರೆ 'ಡಾಕ್ಯುಮೆಂಟ್' ಆಗಿ, ಟೆಲಿಗ್ರಾಂನಲ್ಲಾದರೆ 'ಫೈಲ್' ಆಗಿ ಕಳಿಸಿ. ಇಮೇಲ್ ಅಟ್ಯಾಚ್‌ಮೆಂಟ್, ಜಿಪ್, ಪೆನ್‌ಡ್ರೈವ್, ಗೂಗಲ್ ಡ್ರೈವ್ ಯಾವುದಾದರೂ ಸರಿ, ಒಳಗಿನ ತಾರೀಕು ಸುರಕ್ಷಿತ. ಇಳಿಸಿಕೊಂಡವರ ಕಡೆ ಹೊರಗಿನ ತಾರೀಕು ಬದಲಾಗಿರುತ್ತದೆ, ಅದು ಲೆಕ್ಕಕ್ಕಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಿಂದ ಮರಳಿ ಇಳಿಸಿಕೊಂಡದ್ದನ್ನು ಮೂಲ ಎಂದು ಇಟ್ಟುಕೊಳ್ಳಬೇಡಿ.

ಒಂದು ಎಚ್ಚರ. ತಾರೀಕು ಉಳಿದು ತಲುಪುವ ದಾರಿಯಲ್ಲೇ ಲೊಕೇಶನ್ ಕೂಡ ಅವರಿಗೆ ತಲುಪುತ್ತದೆ. ಮನೆಯಲ್ಲಿ ತೆಗೆದ ಮಕ್ಕಳ ಫೋಟೋವನ್ನು ಪರಿಚಯ ಕಡಿಮೆ ಇರುವವರಿಗೆ ಡಾಕ್ಯುಮೆಂಟ್ ಆಗಿ ಕಳಿಸುವ ಮುಂಚೆ ಲೊಕೇಶನ್ ತೆಗೆಯಿರಿ.

## ಹಳೆಯ ಪ್ರಿಂಟ್ ಸ್ಕ್ಯಾನ್ ಮಾಡಿದ್ದರೆ

ಅಜ್ಜಿಯ ಪೆಟ್ಟಿಗೆಯಿಂದ ತೆಗೆದ 1974ರ ಫೋಟೋ ಸ್ಕ್ಯಾನ್ ಮಾಡಿದರೆ ಅದು ಸ್ಕ್ಯಾನ್ ಮಾಡಿದ ದಿನಕ್ಕೆ ಹೋಗಿ ಕೂರುತ್ತದೆ. ಇಲ್ಲಿ ಎಕ್ಸಿಫ್‌ನ ಎರಡು ತಾರೀಕು ಬೇರೆ ಬೇರೆ ಇರಬೇಕು: 'ಒರಿಜಿನಲ್' 1974, 'ಡಿಜಿಟೈಸ್ಡ್' ಸ್ಕ್ಯಾನ್ ಮಾಡಿದ ದಿನ. ಏಳನೇ ಹಂತದಲ್ಲಿ ಎರಡಕ್ಕೂ ಟಿಕ್ ಹಾಕಿ ಎಂದೆನಲ್ಲ, ಇಲ್ಲಿ 'ಒರಿಜಿನಲ್'ಗೆ ಮಾತ್ರ ಹಾಕಿ.

ಬರೀ ವರ್ಷ ಗೊತ್ತಿದ್ದರೆ ಜನವರಿ 1 ಎಂದು ಹಾಕಿ, ಶೀರ್ಷಿಕೆಯಲ್ಲಿ 'ವರ್ಷ ಮಾತ್ರ ಗೊತ್ತು' ಎಂದು ಬರೆದಿಡಿ. ಇಲ್ಲದಿದ್ದರೆ ಮುಂದೆ ನೋಡುವವರು ಹೊಸವರ್ಷದ ದಿನವೇ ತೆಗೆದದ್ದು ಎಂದು ನಂಬುತ್ತಾರೆ. ಒಂದೇ ಸಮಾರಂಭದ ಹತ್ತು ಪ್ರಿಂಟ್ ಇದ್ದರೆ ಒಂದೊಂದಕ್ಕೆ ಒಂದೊಂದು ನಿಮಿಷ ಹೆಚ್ಚು ಕೊಡುತ್ತಾ ಹೋಗಿ, ಆಲ್ಬಂನ ಕ್ರಮ ಉಳಿಯುತ್ತದೆ. ಪ್ರಿಂಟಿನ ಹಿಂಬದಿಯಲ್ಲಿ ಸ್ಟುಡಿಯೋ ಮೊಹರೋ ಪೆನ್ನಿನ ಬರಹವೋ ಇದ್ದರೆ ಅದನ್ನೂ ಸ್ಕ್ಯಾನ್ ಮಾಡಿ, ಅದೇ ಹೆಸರಿಗೆ 'ಹಿಂದೆ' ಎಂದು ಸೇರಿಸಿ ಪಕ್ಕದಲ್ಲೇ ಇಡಿ. ತಾರೀಕಿನ ಬಗ್ಗೆ ಮನೆಯವರಲ್ಲಿ ತಕರಾರು ಬಂದಾಗ ತೋರಿಸಲು ಬೇಕಾಗುತ್ತದೆ.